ಮುಂಗಾರಿಗೆ ಮುನ್ನ ಉಗ್ರಾಣ: ಕಡಿಮೆ ಖರ್ಚಿನಲ್ಲಿ ವರ್ಷದ ದಿನಸಿ ಕಾಪಿಡುವ ಕ್ರಮ

ಕೆಲವು ವರ್ಷಗಳ ಹಿಂದೆ, ಸಗಟು ದರಕ್ಕೆ ಸಿಕ್ಕಿತೆಂಬ ಖುಷಿಯಲ್ಲಿ 20 ಕಿಲೋ ಹೆಸರುಕಾಳನ್ನು ಒಮ್ಮೆಲೇ ತಂದು, ಬಂದ ಗೋಣಿಚೀಲದಲ್ಲಿಯೇ ಅಡುಗೆಮನೆಯ ಮೂಲೆಗೆ ಒರಗಿಸಿಟ್ಟಿದ್ದೆ. ಆಗ ಏಪ್ರಿಲ್ ತಿಂಗಳು. ಆಷಾಢದಲ್ಲಿ ಒಂದು ದಿನ ಉಸಲಿಗೆಂದು ಚೀಲದೊಳಗೆ ಕೈ ಹಾಕಿದಾಗ ಕಾಳು ಬೆಚ್ಚಗಿತ್ತು. ಹೊರಗೆ ಜಿಟಿಜಿಟಿ ಮಳೆ, ಕಾಲಡಿಯ ನೆಲ ತಣ್ಣಗೆ, ಚೀಲದೊಳಗೆ ಮಾತ್ರ ಜ್ವರ ಬಂದ ಮಗುವಿನ ಮೈಯಂತಹ ಬಿಸಿ. ಒಂದು ಹಿಡಿ ಎತ್ತಿ ಮೊರಕ್ಕೆ ಸುರಿದರೆ ಕಾಳುಕಾಳಿಗೂ ಗುಂಡುಸೂಜಿಯ ತಲೆಯಷ್ಟು ದುಂಡನೆಯ ತೂತು, ಮೊರದ ಅಂಚಿನ ಕಡೆಗೆ ಓಡುತ್ತಿದ್ದ ಕಂದು ಹುಳಗಳು, ತಳದಲ್ಲಿ ಬೂದಿಯಂತಹ ಪುಡಿ. ಕಿಲೋಗೆ ಹತ್ತೋ ಹನ್ನೆರಡೋ ರೂಪಾಯಿ ಉಳಿಸಲು ಹೋಗಿ ಮುಕ್ಕಾಲು ಚೀಲವನ್ನು ಪಕ್ಕದ ಮನೆಯ ಕೋಳಿಗಳಿಗೆ ಹಾಕಿದ್ದಾಯಿತು.

ಅಂದಿನಿಂದ ನಾನು ನಂಬಿರುವುದು ಇಷ್ಟೇ: ಕೂಡಿಟ್ಟದ್ದು ಊಟದ ತಟ್ಟೆಗೆ ಬಂದ ದಿನ ಅದು ಉಳಿತಾಯ, ಅಲ್ಲಿಯವರೆಗೆ ಅದು ಬರೀ ಖರ್ಚು. ನನ್ನ ತವರು ಸಾಗರದ ಕಡೆಯ ಮಲೆನಾಡು, ಸೇರಿದ ಮನೆ ತುಮಕೂರಿನದು. ಮಳೆಯ ಸೀಮೆಯಲ್ಲಿ ಅಮ್ಮ ಉಪ್ಪನ್ನು ನೆಚ್ಚಿದ್ದರು, ಬಯಲುಸೀಮೆಯಲ್ಲಿ ಅತ್ತೆ ಬಿಸಿಲನ್ನು ನೆಚ್ಚಿದ್ದರು. ಐದು ಜನರ ನಮ್ಮ ಮನೆಯಲ್ಲಿ ಈ ಎರಡನ್ನೂ ಬೆರೆಸಿ ರೂಢಿಸಿಕೊಂಡ ಕ್ರಮವನ್ನು ಮಾಡುವ ಅನುಕ್ರಮದಲ್ಲಿಯೇ ಇಲ್ಲಿ ವಿವರಿಸುತ್ತೇನೆ.

ಮೊದಲು ಲೆಕ್ಕ, ಆಮೇಲೆ ಸಂತೆ

ಅಂಗಡಿಗೆ ಹೋಗುವುದಕ್ಕೆ ಎರಡು ತಿಂಗಳು ಮೊದಲೇ ಕೆಲಸ ಶುರುವಾಗಬೇಕು. ಪ್ರತಿಯೊಂದು ಪದಾರ್ಥದ ಹೊಸ ಪೊಟ್ಟಣವನ್ನು ಒಡೆದ ದಿನ ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿ ದಿನಾಂಕವನ್ನೂ ತೂಕವನ್ನೂ ಬರೆಯಿರಿ. ಮುಗಿದ ದಿನ ಅದರ ಕೆಳಗೆ ಮತ್ತೊಂದು ದಿನಾಂಕ ಬರೆಯಿರಿ. ಎರಡು ತಿಂಗಳಲ್ಲಿ ನಿಮ್ಮ ಮನೆಯ ನಿಜವಾದ ಬಳಕೆ ತಿಳಿಯುತ್ತದೆ, ಮತ್ತು ಅದು ನೀವು ಅಂದಾಜು ಮಾಡಿದ್ದಕ್ಕಿಂತ ಬೇರೆಯೇ ಆಗಿರುತ್ತದೆ. ನಮ್ಮ ಮನೆಯಲ್ಲಿ ತೊಗರಿಬೇಳೆ ದಿನಕ್ಕೆ 120 ಗ್ರಾಂ ಎಂದು ಗೊತ್ತಾಯಿತು. ಅಂದರೆ ತಿಂಗಳಿಗೆ 3.6 ಕಿಲೋ, ವರ್ಷಕ್ಕೆ ಹತ್ತಿರಹತ್ತಿರ 44 ಕಿಲೋ. ಹುರಳಿಕಾಳು ಎಲ್ಲರಿಗೂ ಇಷ್ಟವೆಂದುಕೊಂಡು ಪ್ರತಿವರ್ಷ ಹತ್ತು ಕಿಲೋ ತರುತ್ತಿದ್ದವಳಿಗೆ, ತಿಂಗಳಿಗೆ ಅರ್ಧ ಕಿಲೋ ಕೂಡ ಖರ್ಚಾಗುತ್ತಿಲ್ಲವೆಂಬುದನ್ನು ಚೀಟಿಯೇ ಹೇಳಿತು.

ವರ್ಷದ್ದನ್ನೆಲ್ಲ ಒಂದೇ ಸಲ ಕೊಳ್ಳಲು ಎಲ್ಲರ ಕೈಯಲ್ಲೂ ಹಣವಿರುವುದಿಲ್ಲ, ಇದ್ದರೂ ಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಒಂದು ತಿಂಗಳಿಗೆ ಒಂದೇ ಪದಾರ್ಥದ ದಾಸ್ತಾನು ಎಂದು ನಿಯಮ ಮಾಡಿಕೊಂಡರೆ ಸಂಬಳದ ಮೇಲೆ ಭಾರ ಬೀಳುವುದಿಲ್ಲ, ಒಣಗಿಸುವ ಕೆಲಸವೂ ಒಟ್ಟಿಗೆ ತಲೆಯ ಮೇಲೆ ಬರುವುದಿಲ್ಲ. ಸಾಲ ಮಾಡಿ ದಿನಸಿ ತುಂಬಿಸುವವರು ಉಳಿಸಿದ್ದನ್ನು ಬಡ್ಡಿಗೆ ಕೊಡುತ್ತಾರೆ.

ಕೊಳ್ಳುವ ಕಾಲವನ್ನು ಬೆಳೆಯ ಕಾಲವೇ ಹೇಳುತ್ತದೆ. ರಾಗಿ ನವೆಂಬರ್–ಡಿಸೆಂಬರಿನಲ್ಲಿ ಕೊಯ್ಲಾಗಿ ಸಂಕ್ರಾಂತಿಯ ಹೊತ್ತಿಗೆ ಕಣದಿಂದ ಮಾರುಕಟ್ಟೆಗೆ ಬಂದಿರುತ್ತದೆ. ಕಲಬುರಗಿಯ ಹೊಸ ತೊಗರಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬರುತ್ತದೆ. ಹೊಸ ಬೇಳೆ ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೆಚ್ಚಾಗಿ ಬರುವುದು ಜನವರಿಯಿಂದ ಮಾರ್ಚಿಯೊಳಗೆ. ಹುಣಸೆಹಣ್ಣು ಶಿವರಾತ್ರಿಯಿಂದ ಯುಗಾದಿಯ ಆಸುಪಾಸಿನಲ್ಲಿ ಅಗ್ಗ. ಬೆಲ್ಲವನ್ನು ಚಳಿಗಾಲ ಮುಗಿಯುವುದರೊಳಗೆ ಕೊಂಡು ಕಾಗದದಲ್ಲಿ ಸುತ್ತಿ ಡಬ್ಬಕ್ಕೆ ಹಾಕಿಬಿಡಬೇಕು, ಏಕೆಂದರೆ ಮಳೆಗಾಲದ ಗಾಳಿ ತಾಗಿದ ಬೆಲ್ಲ ನೀರೊಡೆಯುತ್ತದೆ.

ಎಲ್ಲವನ್ನೂ ವರ್ಷಕ್ಕೆಂದು ಇಡಲಾಗದು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ರಾಗಿ ಮತ್ತು ಅಕ್ಕಿ ಹಳೆಯದಾದಷ್ಟೂ ನಡೆಯುತ್ತವೆ. ಹಳೆ ಅಕ್ಕಿಯ ಅನ್ನ ಉದುರುದುರಾಗಿ, ಪಾತ್ರೆಯ ತುಂಬ ಅರಳುತ್ತದೆ. ಆದರೆ ಕಡಲೆಕಾಳು, ಅವರೆಕಾಳು, ಅಲಸಂದೆಯಂತಹವು ಸೆಕೆಯಲ್ಲೂ ತೇವದಲ್ಲೂ ಬಹುಕಾಲ ಇದ್ದರೆ ಗಡುಸಾಗಿ, ಎಷ್ಟು ನೆನೆಸಿದರೂ ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಮೆತ್ತಗಾಗುವುದಿಲ್ಲ. ಅವುಗಳನ್ನು ಆರು ತಿಂಗಳಿಗೆ ಆಗುವಷ್ಟು ಮಾತ್ರ ಇಟ್ಟುಕೊಳ್ಳುವುದು ಜಾಣತನ.

ಒಣಗಿಸುವುದು ಮತ್ತು ಆರಿಸುವುದು

ಧಾನ್ಯವನ್ನು ಕೆಡಿಸುವುದು ತೇವ. ಧಾನ್ಯದಲ್ಲಿ ನೀರಿನಂಶ ಶೇ. 12ಕ್ಕಿಂತ ಕಡಿಮೆ, ಕಾಳುಗಳಲ್ಲಿ ಶೇ. 10ರ ಆಸುಪಾಸು ಇದ್ದರೆ ಬೂಷ್ಟು ಹಿಡಿಯುವುದಿಲ್ಲ, ಹುಳದ ಕಾಟವೂ ಕಡಿಮೆ. ಮನೆಯಲ್ಲಿ ಇದನ್ನು ಅಳೆಯುವ ಯಂತ್ರ ಇರುವುದಿಲ್ಲವಾದರೂ ಒಂದು ಸುಲಭ ಪರೀಕ್ಷೆ ಇದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಕಾಲು ಭಾಗ ಪುಡಿ ಉಪ್ಪು ಹಾಕಿ (ಕಲ್ಲುಪ್ಪು ತಾನೇ ತೇವವಾಗಿರುವುದರಿಂದ ಬೇಡ, ಪುಡಿ ಉಪ್ಪನ್ನೂ ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿಕೊಂಡರೆ ಒಳ್ಳೆಯದು), ಇನ್ನೊಂದು ಕಾಲು ಭಾಗ ಕಾಳು ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಚೆನ್ನಾಗಿ ಕುಲುಕಿ ಕಾಲು ಗಂಟೆ ಬಿಡಬೇಕು. ಆಮೇಲೆ ಬಾಟಲಿಯನ್ನು ಓರೆ ಮಾಡಿದಾಗ ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ಕಾಳಿನಲ್ಲಿ ನೀರಿದೆ, ಇನ್ನೂ ಒಣಗಬೇಕು. ಗಾಜು ಸ್ವಚ್ಛವಾಗಿ ಕಂಡರೆ ನೀರಿನಂಶ ಶೇ. 15ಕ್ಕಿಂತ ಕೆಳಗಿಳಿದಿದೆ ಎಂದಷ್ಟೇ ತಿಳಿಯಬೇಕು, ಬಹುಕಾಲ ಇಡುವುದಾದರೆ ಇನ್ನೂ ಒಣಗಿಸಬೇಕು. ಅತ್ತೆಯವರಿಗೆ ಇದೇನೂ ಬೇಕಿರಲಿಲ್ಲ, ಒಂದು ಕಾಳನ್ನು ಹಲ್ಲಿನಡಿ ಇಟ್ಟು ಕಚ್ಚುತ್ತಿದ್ದರು: ಕಟ್ಟೆಂದು ಎರಡಾದರೆ ಒಣಗಿದೆ, ಹಲ್ಲಿನ ಗುರುತು ಬಿದ್ದು ಚಪ್ಪಟೆಯಾದರೆ ಇನ್ನೊಂದು ಬಿಸಿಲು ಬೇಕು.

ಒಣಹಾಕುವ ಮೊದಲು ಹಸನು ಮಾಡಬೇಕು. ಜರಡಿಯಾಡಿಸಿ ನುಚ್ಚು, ಧೂಳು, ಒಡೆದ ಕಾಳುಗಳನ್ನು ತೆಗೆದು, ಮೊರದಲ್ಲಿ ಕೇರಿ, ಕಲ್ಲು ಆರಿಸಬೇಕು. ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ಹಿಟ್ಟಿನ ಹುಳದಂತಹ ಹಲವು ಹುಳಗಳು ಗಟ್ಟಿ ಕಾಳನ್ನು ಕೊರೆಯಲಾರದೆ ನುಚ್ಚಿನಲ್ಲಿಯೇ ಬೆಳೆಯುತ್ತವೆ. ಹಾಸುವುದಕ್ಕೆ ಹಳೆಯ ಹತ್ತಿ ಪಂಚೆ ಅಥವಾ ಸೀರೆ ಒಳ್ಳೆಯದು, ಪ್ಲಾಸ್ಟಿಕ್ ಹಾಳೆಯಾದರೆ ಕಾಳಿನ ಕೆಳಗೇ ಬೆವರು ನಿಲ್ಲುತ್ತದೆ. ಒಂದು ಬೆರಳಿನ ದಪ್ಪಕ್ಕಿಂತ ಹೆಚ್ಚು ಹರಡಬಾರದು, ಗಂಟೆಗೊಮ್ಮೆ ಕೈಯಾಡಿಸಬೇಕು, ಕಾಳುಗಳಿಗೆ ಎರಡರಿಂದ ಮೂರು ಗಟ್ಟಿ ಬಿಸಿಲು ಸಾಕು. ಅಕ್ಕಿಯನ್ನು ಮಾತ್ರ ಸುಡುಬಿಸಿಲಿಗೆ ಹಾಕಬೇಡಿ. ಪಾಲಿಶ್ ಮಾಡಿದ ಅಕ್ಕಿ ಬಿಸಿಲಿನ ಝಳಕ್ಕೆ ಬಿರುಕು ಬಿಟ್ಟು ನುಚ್ಚಾಗುತ್ತದೆ. ಅದಕ್ಕೆ ಗಾಳಿಯಾಡುವ ನೆರಳೇ ಸರಿ.

ಹೆಚ್ಚಿನವರು ತಪ್ಪುವುದು ಮುಂದಿನ ಹಂತದಲ್ಲಿ. ಸಂಜೆ ನಾಲ್ಕಕ್ಕೆ ತಾರಸಿಯಿಂದ ತಂದ ಕಾಳನ್ನು ಬಿಸಿಬಿಸಿಯಾಗಿಯೇ ಡಬ್ಬಕ್ಕೆ ಸುರಿದು ಮುಚ್ಚಳ ಹಾಕಿದರೆ, ರಾತ್ರಿ ಡಬ್ಬ ತಣ್ಣಗಾದಾಗ ಒಳಗಿನ ಆವಿ ಮುಚ್ಚಳದ ಅಡಿಯಲ್ಲಿ ಹನಿಗಟ್ಟಿ ಮೇಲಿನ ಪದರಕ್ಕೆ ಇಳಿಯುತ್ತದೆ. ಮೂರು ದಿನ ಬಿಸಿಲು ಕಾಯಿಸಿದ್ದು ಒಂದು ರಾತ್ರಿಯಲ್ಲಿ ವ್ಯರ್ಥ. ಕಾಳನ್ನು ಕೋಣೆಯೊಳಗೆ ಹರಡಿ, ತೆಳು ಬಟ್ಟೆ ಮುಚ್ಚಿ, ಕೈಗೆ ತಣ್ಣಗೆ ತಾಗುವ ತನಕ ಆರಲು ಬಿಟ್ಟು ಆಮೇಲೆ ತುಂಬಬೇಕು.

ಪಾತ್ರೆ, ಗಾಳಿ ಮತ್ತು ಹುಳ

ಹಿಂದೆ ನಮ್ಮ ಬಯಲುಸೀಮೆಯಲ್ಲಿ ರಾಗಿಯನ್ನೂ, ಉತ್ತರದ ಕಡೆ ಜೋಳವನ್ನೂ ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಕಿರಿದಾದ ಬಾಯಿ, ಒಳಗೆ ಹುಲ್ಲಿನ ಹೊದಿಕೆ, ಮೇಲೆ ಕಲ್ಲು ಮತ್ತು ಮಣ್ಣಿನ ಮುಚ್ಚಿಗೆ. ಧಾನ್ಯವೂ ಹುಳವೂ ಉಸಿರಾಡಿ ಒಳಗಿನ ಆಮ್ಲಜನಕ ತೀರಿದ ಮೇಲೆ ಹುಳ ಬದುಕುವುದಿಲ್ಲ. ಮನುಷ್ಯನೂ ಬದುಕುವುದಿಲ್ಲ; ಆದ್ದರಿಂದಲೇ ಹಗೇವಿನ ಬಾಯಿ ತೆಗೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು.

ಇದೇ ತತ್ತ್ವವನ್ನು ಇಂದು ಕಾಸಿಲ್ಲದೆ ಬಳಸುವುದು ಖಾಲಿ ತಂಪು ಪಾನೀಯದ ಎರಡು ಲೀಟರ್ ಬಾಟಲಿಗಳಲ್ಲಿ. ಮದುವೆ ಮನೆಗಳಲ್ಲಿ, ಹೋಟೆಲುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ತೊಳೆದು, ಎರಡು ದಿನ ತಲೆಕೆಳಗಾಗಿ ಬಿಸಿಲಿನಲ್ಲಿ ನಿಲ್ಲಿಸಿ ಹನಿ ನೀರೂ ಇಲ್ಲದಂತೆ ಒಣಗಿಸಬೇಕು. ಕಾಗದದ ಆಲಿಕೆಯಿಂದ ಕಾಳು ಸುರಿಯುತ್ತಾ, ಬಾಟಲಿಯ ತಳವನ್ನು ನೆಲಕ್ಕೆ ಮೆಲ್ಲಗೆ ಕುಟ್ಟುತ್ತಾ, ಕುತ್ತಿಗೆಯ ತನಕ ತುಂಬಿ ಮುಚ್ಚಳ ಬಿಗಿಯಬೇಕು. ಒಂದು ಬಾಟಲಿಗೆ ಸುಮಾರು ಒಂದೂವರೆ ಕಿಲೋ ಹಿಡಿಯುತ್ತದೆ. ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಹುಳ ಬೇಗ ಉಸಿರುಗಟ್ಟುತ್ತದೆ. ಅರ್ಧ ತುಂಬಿದ ಬಾಟಲಿ ಹುಳಕ್ಕೆ ಮನೆಯಾಗುತ್ತದೆ. ಒಂದು ಬಾಟಲಿ ಒಡೆದರೆ ಅದನ್ನು ಮಾತ್ರ ಬಳಸಿ ಮುಗಿಸುವುದರಿಂದ ಉಳಿದವುಗಳಿಗೆ ಅಡುಗೆಮನೆಯ ಆವಿ ತಾಗುವುದೂ ಇಲ್ಲ. ಸ್ಟೀಲಿನ ದೊಡ್ಡ ಡಬ್ಬವೋ ಡ್ರಮ್ಮೋ ಇರುವವರೂ ಇದೇ ಕ್ರಮ ಅನುಸರಿಸಬೇಕು: ಹದಿನೈದು ದಿನಕ್ಕೆ ಬೇಕಾದಷ್ಟನ್ನು ಚಿಕ್ಕ ಡಬ್ಬಕ್ಕೆ ತೆಗೆದುಕೊಂಡು ದೊಡ್ಡದನ್ನು ದಿನವೂ ತೆರೆಯದಿರುವುದು, ಒದ್ದೆ ಕೈಯನ್ನೂ ಒದ್ದೆ ಲೋಟವನ್ನೂ ಹತ್ತಿರ ತಾರದಿರುವುದು. ಡಬ್ಬಗಳು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇರಲಿ. ಗೋಣಿಚೀಲವನ್ನು ಗೋಡೆಗೆ ಒರಗಿಸಿದ ನನ್ನ ಕಥೆಯನ್ನು ಆಗಲೇ ಕೇಳಿದಿರಿ.

ಆ ಕಥೆಯಲ್ಲಿ ಇನ್ನೊಂದು ಪಾಠವಿತ್ತು. ಹುಳ ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ, ಕಾಳಿನ ಜೊತೆಯಲ್ಲಿಯೇ ಬಂದಿತ್ತು. ಕಾಳಿನ ಹುಳ ಹೊಲದಲ್ಲಿರುವಾಗಲೇ ಮೊಟ್ಟೆಯಿಡುತ್ತದೆ. ಹೆಸರು, ಅಲಸಂದೆ, ಕಡಲೆಯ ಮೇಲೆ ಸುಣ್ಣದ ಚುಕ್ಕೆಯಂತೆ ಕಾಣುವುದು ಅದರ ಮೊಟ್ಟೆ. ಅಕ್ಕಿಯ ಮೂತಿಹುಳವಂತೂ ಕಾಳನ್ನು ಕೊರೆದು ಒಳಗೇ ಮೊಟ್ಟೆಯಿಟ್ಟು ಮೇಲೆ ಮುಚ್ಚುವುದರಿಂದ ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಸೆಕೆಯ ದಿನಗಳಲ್ಲಿ ಮೊಟ್ಟೆಯಿಂದ ಹುಳವಾಗಲು ಸುಮಾರು ಒಂದು ತಿಂಗಳು ಸಾಕು. ಹಾಗಾಗಿ ಎರಡು ಮೂರು ಕಿಲೋ ಕಾಳಾದರೆ, ಫ್ರಿಜ್ ಇದ್ದವರು ಅದನ್ನು ಗಟ್ಟಿ ಕವರಿನಲ್ಲಿ ಕಟ್ಟಿ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ಕವರನ್ನು ಬಿಚ್ಚದೆ ಕೋಣೆಯ ಬಿಸಿಗೆ ಬರಲು ಬಿಡಬೇಕು, ಇಲ್ಲವಾದರೆ ತಣ್ಣನೆಯ ಕಾಳಿನ ಮೇಲೆ ಗಾಳಿಯ ನೀರು ಕೂರುತ್ತದೆ.

ಹೆಚ್ಚು ಪ್ರಮಾಣಕ್ಕೆ ಹರಳೆಣ್ಣೆಯೇ ಲೇಸು. ಒಂದು ಕಿಲೋ ಕಾಳಿಗೆ ಒಂದು ಚಹಾ ಚಮಚ ಎಣ್ಣೆಯನ್ನು ಅಂಗೈಗೆ ಸವರಿಕೊಂಡು ಪ್ರತಿಯೊಂದು ಕಾಳಿಗೂ ತೆಳುವಾಗಿ ತಾಗುವಂತೆ ಉಜ್ಜಬೇಕು. ಎಣ್ಣೆಯ ಪದರದ ಮೇಲೆ ಹುಳಕ್ಕೆ ಮೊಟ್ಟೆ ಅಂಟಿಸಲು ಬರುವುದಿಲ್ಲ, ಇಟ್ಟ ಮೊಟ್ಟೆಗೂ ಉಸಿರಾಟವಿಲ್ಲ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು ರೈತರ ಮನೆಗಳಲ್ಲಿ ಹಳೆಯ ಪದ್ಧತಿ. ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಬಜೆಯ ತುಂಡು, ಒಣಮೆಣಸಿನಕಾಯಿ ಇವೆಲ್ಲ ಹುಳವನ್ನು ದೂರವಿಡಲು ಅಲ್ಪಸ್ವಲ್ಪ ನೆರವಾಗುತ್ತವೆಯೇ ಹೊರತು ಒಳಗಿರುವ ಹುಳವನ್ನು ಕೊಲ್ಲುವುದಿಲ್ಲ. ಹಾಕುವುದಾದರೆ ಸೊಪ್ಪನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಿ. ಹಸಿ ಬೇವಿನ ಸೊಪ್ಪು ಹಾಕಿದ ಅಕ್ಕಿಗೆ ಬೂಷ್ಟು ಹಿಡಿದದ್ದನ್ನು ನಾನು ನೋಡಿದ್ದೇನೆ.

ಕೆಲವು ವಸ್ತುಗಳು ಮನೆಯೊಳಗೆ ಬರಲೇಬಾರದು. ಅಕ್ಕಿಗೆ ಬೋರಿಕ್ ಪೌಡರ್ ಕಲಸುವ ರೂಢಿ ನಮ್ಮ ಊರುಗಳಲ್ಲಿ ಇನ್ನೂ ಇದೆ, ತೊಳೆದರೆ ಹೋಗುತ್ತದೆ ಎನ್ನುತ್ತಾರೆ. ಅದು ತಿನ್ನುವ ವಸ್ತುವಲ್ಲ. ಪಾದರಸದ ಮಾತ್ರೆಯೂ ಹಾಗೆಯೇ. ಇವೆರಡಕ್ಕಿಂತ ಭಯಂಕರವಾದದ್ದು ಗೋದಾಮುಗಳಲ್ಲಿ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಗಾಳಿಯ ತೇವ ತಾಗಿದೊಡನೆ ಅದರಿಂದ ಏಳುವ ಫಾಸ್ಫೀನ್ ಅನಿಲ ಹುಳವನ್ನು ಕೊಲ್ಲುವಂತೆಯೇ ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ, ಮತ್ತು ಅದಕ್ಕೆ ಮದ್ದಿಲ್ಲ. ಯಾರಾದರೂ ಒಂದೆರಡು ಮಾತ್ರೆ ತಂದುಕೊಟ್ಟರೂ ಮುಟ್ಟದೆ ಹಿಂದಿರುಗಿಸಿ.

ಪಡಿತರ ಅಕ್ಕಿ ಪಡೆಯುವ ಮನೆಗಳಿಗೆ ಒಂದು ಮಾತು. ತಂದ ದಿನವೇ ಜರಡಿಯಾಡಿಸಿ, ನೆರಳಿನಲ್ಲಿ ಒಂದು ದಿನ ಹರಡಿ, ಮನೆಯ ಹಳೆ ಅಕ್ಕಿಗೆ ಬೆರೆಸದೆ ಬೇರೆ ಡಬ್ಬದಲ್ಲಿಡಿ. ಅದರಲ್ಲಿ ಬಣ್ಣವೂ ಆಕಾರವೂ ತುಸು ಬೇರೆಯಾಗಿ, ನೀರಿಗೆ ಹಾಕಿದರೆ ತೇಲುವ ಕೆಲವು ಕಾಳುಗಳು ಕಂಡರೆ, ಪ್ಲಾಸ್ಟಿಕ್ ಅಕ್ಕಿಯೆಂದು ಹೆದರಿ ಆರಿಸಿ ಎಸೆಯುವವರಿದ್ದಾರೆ. ಅವು ಕಬ್ಬಿಣಾಂಶ ಮತ್ತು ಜೀವಸತ್ವ ಸೇರಿಸಿ ತಯಾರಿಸಿದ, ನೂರು ಕಾಳಿಗೆ ಒಂದರಂತೆ ಬೆರೆಸಿದ ಸಾರವರ್ಧಿತ ಕಾಳುಗಳು. ಎಸೆದರೆ ನಷ್ಟ ನಮಗೇ.

ಹಿಟ್ಟು, ಹುಣಸೆ, ಮೆಣಸಿನಕಾಯಿ, ಕೊಬ್ಬರಿ

ಹಿಟ್ಟನ್ನು ಕೂಡಿಡಬೇಡಿ, ಕಾಳನ್ನು ಕೂಡಿಡಿ. ಸಜ್ಜೆಯ ಹಿಟ್ಟು ಅದರೊಳಗಿನ ಎಣ್ಣೆಯಂಶದಿಂದಾಗಿ ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ, ಗೋಧಿ ಹಿಟ್ಟು ತಿಂಗಳು ದಾಟಿದರೆ ಕಮಟು ವಾಸನೆ ಬೀರತೊಡಗುತ್ತದೆ, ರಾಗಿ ಹಿಟ್ಟು ಮಾತ್ರ ಸ್ವಲ್ಪ ತಾಳಿಕೊಳ್ಳುತ್ತದೆ. ರವೆಯನ್ನು ತಂದ ದಿನವೇ ಹದವಾಗಿ ಹುರಿದು ಆರಿಸಿಟ್ಟರೆ ಹುಳವೂ ಬೀಳದು, ಬೆಳಗಿನ ಉಪ್ಪಿಟ್ಟಿನ ಕೆಲಸವೂ ಅರ್ಧ ಮುಗಿದಿರುತ್ತದೆ.

ಹುಣಸೆಹಣ್ಣನ್ನು ಬೀಜ, ನಾರು ತೆಗೆದು ಎರಡು ದಿನ ಬಿಸಿಲಿಗೆ ಹಾಕಿ, ಕಿಲೋಗೆ ಒಂದು ಹಿಡಿ ಕಲ್ಲುಪ್ಪು ಬೆರೆಸಿ, ಒತ್ತಿ ಉಂಡೆ ಕಟ್ಟಿ ಪಿಂಗಾಣಿ ಜಾಡಿಯಲ್ಲಿಯೋ ಮಣ್ಣಿನ ಮಡಕೆಯಲ್ಲಿಯೋ ಇಡಬೇಕು. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳನ್ನು ಅದರ ಹುಳಿ ತಿನ್ನುತ್ತದೆ. ಹಣ್ಣು ವರ್ಷ ಕಳೆದಂತೆ ಕಪ್ಪಾಗುವುದು ಸಹಜ, ಕೆಟ್ಟಿತೆಂದು ಭಾವಿಸಬೇಕಾಗಿಲ್ಲ.

ಮೆಣಸಿನಕಾಯಿಯನ್ನು ಬೀಜ ಗಲಗಲ ಎನ್ನುವ ತನಕ ಒಣಗಿಸಿ, ತೊಟ್ಟು ಮುರಿಯದೆ, ಬೆಳಕು ಬೀಳದ ಡಬ್ಬದಲ್ಲಿಡಬೇಕು. ತೊಟ್ಟು ಮುರಿದರೆ ತೇವಕ್ಕೂ ಹುಳಕ್ಕೂ ಬಾಗಿಲು ತೆರೆದಂತೆ. ಇಡೀ ವರ್ಷದ ಪುಡಿಯನ್ನು ಒಮ್ಮೆಗೇ ಮಾಡಿಸುವ ಆಸೆಯನ್ನು ಬಿಟ್ಟು ಎರಡು ತಿಂಗಳಿಗೊಮ್ಮೆ ಮಾಡಿಸಿದರೆ ಬ್ಯಾಡಗಿಯ ಬಣ್ಣಕ್ಕೆ ಕೊಟ್ಟ ಹಣ ಸಾರ್ಥಕವಾಗುತ್ತದೆ.

ಮೆಣಸಿನಕಾಯಿ, ಶೇಂಗಾ, ಕೊಬ್ಬರಿ ಈ ಮೂರರ ವಿಷಯದಲ್ಲಿ ಜಿಪುಣತನ ಸಲ್ಲದು. ಇವುಗಳ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದು ಪಿತ್ತಜನಕಾಂಗಕ್ಕೆ ಕೇಡು, ಹುರಿದರೂ ಕುದಿಸಿದರೂ ಹೋಗುವುದಿಲ್ಲ. ಒಳಗೆ ಹಸಿರು ಅಥವಾ ಕಪ್ಪು ಪುಡಿ ಕಂಡ ಮೆಣಸಿನಕಾಯಿ, ಮುದುಡಿ ಬಣ್ಣಗೆಟ್ಟ ಕಡಲೆಬೀಜ, ಬೂಷ್ಟು ಹಿಡಿದ ಕೊಬ್ಬರಿಯನ್ನು ಒರೆಸಿ ಬಳಸದೆ ಎಸೆಯಬೇಕು. ಶೇಂಗಾವನ್ನು ಸಿಪ್ಪೆಯಲ್ಲಿಯೇ ಇಟ್ಟು ಬೇಕಾದಾಗ ಸುಲಿಯುವುದು ಒಳ್ಳೆಯದು. ಕೊಬ್ಬರಿಗೆ ನಮ್ಮ ತಿಪಟೂರು ಸೀಮೆಯವರ ತಾಳ್ಮೆಯೇ ಮಾದರಿ: ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೇರಿಸಿ, ಎಂಟು ಹತ್ತು ತಿಂಗಳು ಕಾದು, ಒಳಗಿನ ನೀರು ತಾನಾಗಿ ಇಂಗಿ ತಿರುಳು ಕರಟ ಬಿಟ್ಟು ಲೊಟಲೊಟ ಅಲುಗಾಡಿದ ಮೇಲೆಯೇ ಒಡೆಯುತ್ತಾರೆ. ಹಿತ್ತಲಲ್ಲಿ ನಾಲ್ಕು ಮರವಿದ್ದವರೂ ಇದನ್ನು ಮಾಡಬಹುದು. ಇನ್ನು ದಿನದ ಬಳಕೆಗೆ ಒಡೆದ ಕಾಯಿಯಲ್ಲಿ ಕಣ್ಣಿರುವ ಹೋಳು ಬೇಗ ಕೆಡುವುದರಿಂದ ಅದನ್ನೇ ಮೊದಲು ತುರಿಯಬೇಕೆಂಬುದು ಎಲ್ಲರಿಗೂ ತಿಳಿದದ್ದೇ.

ಉಪ್ಪಿನಲ್ಲಿ ಉಳಿಸುವುದು

ಮಲೆನಾಡಿನಲ್ಲಿ ಬಿಸಿಲನ್ನು ನಂಬಿದರೆ ಆಗುವುದಿಲ್ಲ. ಜೂನ್ ಮೊದಲ ವಾರದಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ತರಕಾರಿಯನ್ನು ಉಳಿಸಿದ್ದು ಉಪ್ಪು ಮತ್ತು ಒಲೆಯ ಹೊಗೆ. ಅಮ್ಮನ ಅಡುಗೆಮನೆಯ ಅಟ್ಟದಲ್ಲಿ ಬೀಜದ ಸೌತೆ, ವಾಟೆಹುಳಿ, ಹಪ್ಪಳದ ಕಟ್ಟುಗಳು ವರ್ಷವಿಡೀ ಹೊಗೆ ಕುಡಿಯುತ್ತಿದ್ದವು. ಗ್ಯಾಸ್ ಒಲೆ ಬಂದ ಮೇಲೆ ಅಟ್ಟ ಉಳಿಯಿತು, ಹೊಗೆ ಹೋಯಿತು. ಅಲ್ಲಿಟ್ಟ ಪದಾರ್ಥಕ್ಕೆ ಈಗ ಬೂಷ್ಟು ಬರುತ್ತದೆಂದು ದೂರುವವರು ಈ ಬದಲಾವಣೆಯನ್ನು ಗಮನಿಸಬೇಕು. ಹೊಗೆಯಿಲ್ಲದ ಅಟ್ಟ ದಿನಸಿಗೆ ತಕ್ಕ ಜಾಗವಲ್ಲ.

ಮಿಡಿಯುಪ್ಪಿನಕಾಯಿಯ ಕ್ರಮವನ್ನು ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಒಮ್ಮೆ ಸರಿಯಾಗಿ ಹಾಕಿದ್ದು ಎರಡು ಮೂರು ವರ್ಷ ಬಡತನದ ದಿನಗಳ ಊಟಕ್ಕೆ ಜೊತೆಯಾಗುತ್ತದೆ. ಮಿಡಿಯನ್ನು ನೆಲಕ್ಕೆ ಬೀಳಿಸದೆ ಕೊಯ್ದಿರಬೇಕು, ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ. ತೊಟ್ಟನ್ನು ಅರ್ಧ ಬೆರಳಿನಷ್ಟು ಉಳಿಸಿ ಕತ್ತರಿಸಿದರೆ ಪರಿಮಳದ ಸೊನೆ ಒಳಗೇ ಉಳಿಯುತ್ತದೆ. ತೊಳೆದು, ಒಂದೊಂದನ್ನೂ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ನೀರಾರಲು ಬಿಡಬೇಕು. ಆಮೇಲೆ ಒಂದು ಕಿಲೋ ಮಿಡಿಗೆ 250 ಗ್ರಾಂ ಕಲ್ಲುಪ್ಪಿನಂತೆ, ಒಂದು ಪದರ ಮಿಡಿ ಒಂದು ಪದರ ಉಪ್ಪು ಎಂದು ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ಮೇಲೆ ಕೆಳಗೆ ಮಾಡಬೇಕು. ಮೂರನೆಯ ದಿನಕ್ಕೆ ಉಪ್ಪುನೀರು ಒಸರಿ ಮಿಡಿಗಳನ್ನು ಮುಳುಗಿಸುತ್ತದೆ. ಹತ್ತರಿಂದ ಹದಿನೈದು ದಿನಕ್ಕೆ ಮಿಡಿ ಸುಕ್ಕುಗಟ್ಟಿ ಚಿರುಟಿಕೊಳ್ಳುತ್ತದೆ. ಆಗ ಆ ನೀರನ್ನು ಸೋಸಿ, ಕುದಿಸಿ, ನೊರೆ ತೆಗೆದು, ಒಂದು ರಾತ್ರಿ ಪೂರ್ತಿ ಆರಲು ಬಿಡಬೇಕು. ನಮ್ಮ ಮನೆಯ ಅಳತೆಯಲ್ಲಿ ಕಿಲೋ ಮಿಡಿಗೆ 150 ಗ್ರಾಂ ಬ್ಯಾಡಗಿ ಮೆಣಸಿನಕಾಯಿ, 100 ಗ್ರಾಂ ಸಾಸಿವೆ, ಒಂದು ಚಮಚ ಅರಿಸಿನ. ಎಲ್ಲವನ್ನೂ ಬಿಸಿಲಿನಲ್ಲಿ ಒಣಗಿಸಿ ಪುಡಿ ಮಾಡಿ, ಆರಿದ ಉಪ್ಪುನೀರಿನಲ್ಲಿ ಕಲಸಿ, ಮಿಡಿ ಬೆರೆಸಿ, ಮತ್ತೆ ಭರಣಿಗೆ ತುಂಬಿ, ಎಳ್ಳೆಣ್ಣೆಯಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಮೇಲೆ ಹೊದಿಸಿ ಬಾಯಿ ಬಿಗಿಯಬೇಕು. ಎರಡು ತಿಂಗಳು ಅದರ ಕಡೆ ನೋಡಬಾರದು.

ಆರೋಗ್ಯದ ನೆಪದಲ್ಲಿ ಉಪ್ಪನ್ನು ಅರ್ಧಕ್ಕಿಳಿಸಿ ಉಪ್ಪಿನಕಾಯಿ ಹಾಕುವವರಿಗೆ ನನ್ನ ಸಲಹೆ: ತಿನ್ನುವಾಗ ಕಡಿಮೆ ತಿನ್ನಿ, ಹಾಕುವಾಗ ಕಡಿಮೆ ಹಾಕಬೇಡಿ. ಉಪ್ಪು ಕಡಿಮೆ ಬೇಕೇ ಬೇಕೆಂದರೆ ಸ್ವಲ್ಪವೇ ಹಾಕಿ ಫ್ರಿಜ್ಜಿನಲ್ಲಿಟ್ಟು ತಿಂಗಳೊಳಗೆ ಮುಗಿಸಿ. ಹುಳಿಯಿಲ್ಲದ ತರಕಾರಿಗಳಲ್ಲಿ ಇನ್ನೂ ಎಚ್ಚರ ಬೇಕು. ಬೆಳ್ಳುಳ್ಳಿಯ ಎಸಳನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ, ಗಾಳಿಯಿಲ್ಲದ ಆ ಜಾಗದಲ್ಲಿ ಬಾಟುಲಿಸಂ ಎಂಬ ಕಾಯಿಲೆ ತರುವ ಮಾರಕ ವಿಷ ಹುಟ್ಟಬಹುದು. ಅದು ಬಣ್ಣದಿಂದಾಗಲಿ ವಾಸನೆಯಿಂದಾಗಲಿ ತಿಳಿಯುವಂತಹದಲ್ಲ. ಬೆಳ್ಳುಳ್ಳಿ, ಶುಂಠಿಗಳ ಉಪ್ಪಿನಕಾಯಿಗೆ ನಿಂಬೆರಸವೋ ಹುಣಸೆಯ ಗಟ್ಟಿ ರಸವೋ ಧಾರಾಳವಾಗಿರಲಿ. ಬೇಯಿಸಿದ ತರಕಾರಿಯನ್ನು ಬಾಟಲಿಗೆ ಹಾಕಿ, ಮುಚ್ಚಿ, ತಿಂಗಳುಗಟ್ಟಲೆ ಕಪಾಟಿನಲ್ಲಿಡುವ ಪ್ರಯೋಗವನ್ನು ಮನೆಯ ಕುಕ್ಕರಿನಲ್ಲಿ ಮಾಡಬೇಡಿ.

ಕರಾವಳಿ, ಮಲೆನಾಡಿನವರಿಗೆ ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಉಪ್ಪುನೀರಿನ ಮಾವಿನಕಾಯಿಗಳ ಬಗ್ಗೆ ನಾನು ಹೇಳಬೇಕಾದದ್ದಿಲ್ಲ. ಬಯಲುಸೀಮೆಯವರು ಬೇಸಿಗೆಯಲ್ಲಿ ಅಗ್ಗವಾಗಿ ಸಿಗುವ ಗೋರಿಕಾಯಿ, ಹಾಗಲಕಾಯಿ, ಹಸಿಮೆಣಸಿನಕಾಯಿಗಳನ್ನು ಬಾಳಕ ಮಾಡಬಹುದು: ಮೆಣಸಿನಕಾಯಿಯನ್ನು ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ ಬಿಸಿಲಿಗೆ ಹಾಕಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು, ಮಜ್ಜಿಗೆ ಮುಗಿಯುವ ತನಕ, ಅಂದರೆ ನಾಲ್ಕೈದು ದಿನ, ಹೀಗೆಯೇ ಮಾಡಿ ಕೊನೆಗೆ ಮುರಿದರೆ ಪಟ್ಟೆನ್ನುವಷ್ಟು ಒಣಗಿಸಬೇಕು. ಕಾಗೆಗಳಿಗೆ ಕಪ್ಪು ಕೊಡೆ ಬಿಚ್ಚಿಟ್ಟರೆ ಎರಡು ದಿನ ಹೆದರುತ್ತವೆ. ಮೂರನೆಯ ದಿನ ಕೊಡೆಯ ಮೇಲೆಯೇ ಕೂತಿರುತ್ತವೆ.

ಈರುಳ್ಳಿಯ ವಿಷಯ ಚಿಕ್ಕದು. ಮಳೆಗಾಲದ ಬೆಳೆಯಾಗಿ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಬರುವ ಈರುಳ್ಳಿಯಲ್ಲಿ ನೀರು ಹೆಚ್ಚು, ಅದು ಉಳಿಯುವುದಿಲ್ಲ. ಬೇಸಿಗೆಯಲ್ಲಿ ಕೊಯ್ದ, ಕುತ್ತಿಗೆ ಸಣ್ಣಗೆ ಒಣಗಿದ, ಸಿಪ್ಪೆ ಗರಿಗರಿಯಾದ ಈರುಳ್ಳಿಯನ್ನು ಬಲೆಯ ಚೀಲದಲ್ಲಿ ಗಾಳಿಗೆ ತೂಗುಹಾಕಿದರೆ ನಾಲ್ಕೈದು ತಿಂಗಳು ಬರುತ್ತದೆ. ಆಲೂಗೆಡ್ಡೆಯ ಜೊತೆ ಇಡಬಾರದು.

ಮಳೆಗಾಲದ ತಪಾಸಣೆ

ಜೂನಿನಿಂದ ಅಕ್ಟೋಬರಿನವರೆಗೆ ಮೂರು ವಾರಕ್ಕೊಮ್ಮೆ ಎಲ್ಲ ಡಬ್ಬಗಳನ್ನೂ ನೋಡಬೇಕು. ಹುಳ ಒಂದು ತಲೆಮಾರು ಬೆಳೆಯುವುದರೊಳಗೆ ಹಿಡಿಯಬೇಕೆಂಬುದೇ ಈ ಮೂರು ವಾರದ ಲೆಕ್ಕ. ಮುಚ್ಚಳ ತೆಗೆದೊಡನೆ ಮೊದಲು ಮೂಸಿ ನೋಡಿ: ಮುಗ್ಗಲು ವಾಸನೆಯೆಂದರೆ ತೇವ, ಹಿಟ್ಟಿನ ವಾಸನೆಯೆಂದರೆ ಹುಳ. ಆಮೇಲೆ ಮೊಣಕೈಯವರೆಗೆ ಒಣಗಿದ ಕೈಯನ್ನು ನಡುವಿಗೆ ಇಳಿಸಿ ಬಿಸಿಯಿದೆಯೇ ನೋಡಿ. ಅಕ್ಕಿಯಲ್ಲಿ ಜೇಡರ ನೂಲಿನಂತೆ ಗೂಡು ಕಟ್ಟಿದ್ದರೆ ಅದು ಪತಂಗದ ಮರಿಯ ಕೆಲಸ. ಬಾಟಲಿಯ ಹೊರಗಿನಿಂದಲೇ ಕಾಣಿಸುತ್ತದೆ.

ಹುಳ ಕಂಡಾಕ್ಷಣ ಎಲ್ಲವನ್ನೂ ಚೆಲ್ಲಬೇಕಾಗಿಲ್ಲ. ಒಂದು ಹಿಡಿಯಲ್ಲಿ ನಾಲ್ಕೈದು ತೂತು ಕಾಳಿದ್ದರೆ ಜರಡಿಯಾಡಿಸಿ, ಬಿಸಿಲು ಕಾಯಿಸಿ, ನೀರಿಗೆ ಹಾಕಿ ತೇಲಿದ ಟೊಳ್ಳು ಕಾಳುಗಳನ್ನು ತೆಗೆದು, ಉಳಿದದ್ದನ್ನು ಆ ವಾರವೇ ಬೇಯಿಸಿ ಮುಗಿಸಬಹುದು. ಅರ್ಧದಷ್ಟು ತೂತಾಗಿದ್ದರೆ ಕೋಳಿಗೆ, ದನಕ್ಕೆ. ಬೂಷ್ಟಿನ ವಾಸನೆ ಬಂದದ್ದು ಮಾತ್ರ ಮನುಷ್ಯರಿಗೂ ಬೇಡ, ದನಕ್ಕೂ ಬೇಡ, ಏಕೆಂದರೆ ಅದರ ವಿಷ ಹಾಲಿಗೂ ಇಳಿಯುತ್ತದೆ. ಗೊಬ್ಬರದ ಗುಂಡಿಗೆ ಹಾಕಿ. ಖಾಲಿಯಾದ ಡಬ್ಬಕ್ಕೆ ಹೊಸ ದಿನಸಿ ಸುರಿಯುವ ಮುನ್ನ ಮೂಲೆಗಳ ಹಳೆಯ ಪುಡಿಯನ್ನು ಒರೆಸಿ, ತೊಳೆದು, ಬಿಸಿಲಿನಲ್ಲಿ ಒಣಗಿಸಲೇಬೇಕು.

ಯುಗಾದಿಗೆ ಮುಂಚಿನ ಒಂದು ಭಾನುವಾರ ನಾನು ಉಳಿದದ್ದನ್ನೆಲ್ಲ ತೂಗಿ ಪುಸ್ತಕದಲ್ಲಿ ಬರೆಯುತ್ತೇನೆ. ಈ ಸಲ ತೊಗರಿಬೇಳೆ ಒಂದೂವರೆ ಕಿಲೋ ಉಳಿದಿತ್ತು, ರಾಗಿ ಹನ್ನೊಂದು ಕಿಲೋ, ಹುರಳಿ ನಾಲ್ಕು ಕಿಲೋ. ಹುರಳಿಯ ಎದುರಿಗೆ ಅಡ್ಡಗೆರೆ ಎಳೆದು, ಮುಂದಿನ ವರ್ಷ ಎರಡೇ ಕಿಲೋ ಎಂದು ಬರೆದಿದ್ದೇನೆ.